ಶೇಖಪ್ಪ ರಸ್ತೆ ದಾಟಿದ ಸಂಜೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಪ್ಲೇಟು ಗಿರ್ಮಿಟ್ಟು.

ರಸ್ತೆ ಎಂಜಿನಿಯರ್ ಉದಯಕುಮಾರ ಸಾಹೇಬರು ಆ ಶನಿವಾರ ಮಧ್ಯಾಹ್ನ ಮೂರಕ್ಕೆ ದಾಂಡೇಲಿಯ ಹಳೇ ಚಾಳಿಗೆ ಬರಬೇಕಿತ್ತು. ಚಾಳಿನ ಮುಂದೆ ಒಂದು ಹಂಪ್ ಹಾಕಿಸಿ ಎಂದು ವರ್ಷದಿಂದ ಗಂಟುಬಿದ್ದಿದ್ದವನು ಶೇಖಪ್ಪ. ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಚಾಳಿನವರೆಲ್ಲ ಸಹಿ ಹಾಕಿದ ಅರ್ಜಿ, ಸಾಹೇಬರಿಗೆ ಹೊದಿಸಲು ಒಂದು ಶಾಲು, ಒಂದು ಸೇವಂತಿಗೆ ಹಾರ ಹಿಡಿದು ಬಾಗಿಲಲ್ಲೇ ಕೂತಿದ್ದ. ಸಾಹೇಬರು ಬಂದದ್ದು ಐದೂಮುಕ್ಕಾಲಿಗೆ. ಬಂದವರಿಗೆ ಹಸಿವಾಗಿತ್ತು. ಎದುರಿನ ಹೋಟೆಲಿನಲ್ಲಿ ಕೂತು, ಗಿರ್ಮಿಟ್ಟಿಗೆ ಹೇಳಿ, ಫೋನು ಮಾಡಿದರು.

"ಇಲ್ಲೇ ಬಂದ್ಬಿಡಿ ಸಾರ್. ಕಿಟಕಿ ಪಕ್ಕಾನೇ ಕೂತಿದ್ದೀನಿ. ನೀವು ದಾಟಿ ಬರೋದನ್ನ ನೋಡಿದ್ರೆ ರಸ್ತೆ ಹೇಗಿದೆ ಅಂತ ನನಗೂ ಗೊತ್ತಾಗುತ್ತೆ. ಆರೂವರೆಗೆ ಹೊರಡ್ತೀನಿ. ಸೋಮವಾರದಿಂದ ನನಗೆ ಬೇರೆ ಊರಿಗೆ ವರ್ಗ. ಏನಿದ್ರೂ ಇವತ್ತೇ ಬರೆದುಬಿಡ್ತೀನಿ."

ಹೋಟೆಲು ಇದ್ದದ್ದು ರಸ್ತೆಯ ಆಚೆ ಬದಿಗೆ. ನಡುವೆ ಇಪ್ಪತ್ತನಾಲ್ಕು ಅಡಿ ಡಾಂಬರು. ಉಳಿದ ದಿನ ಆ ರಸ್ತೆಯ ನಡುವೆ ಆಡು ಮಲಗಿ ಮೆಲುಕು ಹಾಕಬಹುದು. ಶನಿವಾರ ಸಂಜೆ ಮಾತ್ರ ಅದು ಬೇರೆಯೇ ರಸ್ತೆ. ಹುಬ್ಬಳ್ಳಿಯಿಂದ, ಬೆಳಗಾವಿಯಿಂದ, ಅನಮೋಡ ದಾಟಿ ಗೋವಾದಿಂದ ಬೈಕುಗಳು ಬರುತ್ತವೆ. ಹಗಲೆಲ್ಲ ಕಾಳಿ ನದಿಯಲ್ಲಿ ರಬ್ಬರ್ ದೋಣಿ ಹತ್ತಿ ನೆನೆದವರು, ಕತ್ತಲಾಗುತ್ತಲೂ ರಿಸಾರ್ಟುಗಳ ಡಿಜೆ ಕಡೆಗೆ ಹೊರಡುತ್ತಾರೆ.

ಆ ಸವಾರರ ಕೈಚಳಕವನ್ನು ಮಾತ್ರ ಮೆಚ್ಚಲೇಬೇಕು. ಒಬ್ಬ ಮುಂದಿನ ಗಾಲಿ ಎತ್ತಿಕೊಂಡು ಹೋಗುತ್ತಾನೆ. ಇನ್ನೊಬ್ಬ ಎರಡೂ ಕೈ ಬಿಟ್ಟು ಕೂದಲು ತೀಡಿಕೊಳ್ಳುತ್ತಾನೆ. ಮತ್ತೊಬ್ಬ ಹಿಂದೆ ಕೂತವಳ ಕಡೆ ಪೂರ್ತಿ ತಿರುಗಿ ಕತೆ ಹೇಳುತ್ತಾನೆ, ಗಾಡಿ ಪಾಡಿಗೆ ಗಾಡಿ ಹೋಗುತ್ತದೆ. ಮೊದಮೊದಲು ಶೇಖಪ್ಪನೂ ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಿದವನೇ. ಹೋದ ವರ್ಷ ದೀಪಾವಳಿಗೆ ಒಂದು ಹ್ಯಾಂಡಲ್ಲಿಗೆ ಹೆಂಡತಿ ಕಾಶೆವ್ವನ ಸೆರಗು ಸಿಕ್ಕು, ಆಕೆ ಬಿದ್ದು ಮೊಣಕೈ ಮುರಿದುಕೊಂಡಳು. ಅಂದಿಗೆ ಚಪ್ಪಾಳೆ ನಿಂತಿತು, ಅರ್ಜಿ ಶುರುವಾಯಿತು. ಅವಳು ಇನ್ನೊಮ್ಮೆ ಬೀಳಬಾರದು, ಅವನಿಗೆ ಬೇಕಾದದ್ದು ಅಷ್ಟೇ.

ಶೇಖಪ್ಪ ಬಲಗಾಲು ಮುಂದಿಟ್ಟ. ಹಳದಿ ಬೈಕೊಂದು ಸಿಡಿಲು ಬಡಿದಂತೆ ಸದ್ದು ಮಾಡುತ್ತ ಹಾದುಹೋಯಿತು. ಕಾಲು ಹಿಂದೆ ಬಂತು, ಚಪ್ಪಲಿ ಬರಲಿಲ್ಲ. ಅದು ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಜಿಗಿಯುತ್ತ ಕ್ಷೇಮವಾಗಿ ಆಚೆ ದಡ ಸೇರಿತು.

"ಚಪ್ಪಲಿ ದಾಟೇತಿ ಅಂದ ಮ್ಯಾಲ ನೀವೂ ದಾಟ್ತೀರಿ ಬಿಡ್ರಿ ಕಾಕಾ," ಎಂದು ಪಕ್ಕದ ಚಹಾದಂಗಡಿಯ ದ್ಯಾಮಪ್ಪ ಧೈರ್ಯ ಹೇಳಿದ.

ಹಾಲು ಮಾರುವ ಗೋದುಬಾಯಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. "ಮನಷ್ಯಾರಿಗೆ ಯಾರ್ ನಿಲ್ಲಿಸ್ತಾರೋ? ಎಮ್ಮಿಗಾದ್ರ ನಿಲ್ಲಿಸ್ತಾರ. ನಮ್ಮ ಎಮ್ಮಿ ಬಾಲಾ ಹಿಡ್ಕೊಂಡು ನಡಿ, ಶೇಖಪ್ಪಣ್ಣಾ."

ಅವಳೆಂದದ್ದು ನಿಜವೇ ಆಯಿತು. ಎಮ್ಮೆ ರಸ್ತೆಗಿಳಿದದ್ದೇ ಬೈಕುಗಳ ವೇಗ ತಗ್ಗಿತು. ಎಮ್ಮೆ ಗಂಭೀರವಾಗಿ ನಡುರಸ್ತೆಯವರೆಗೆ ಹೋಯಿತು. ಅಲ್ಲಿ ಅದಕ್ಕೆ ಮನೆಯಲ್ಲಿ ಬಿಟ್ಟುಬಂದ ಕರುವಿನ ನೆನಪಾಯಿತು. ಗಕ್ಕನೆ ತಿರುಗಿ ಓಡಿತು. ಬಾಲ ಬಿಡಬೇಕೆಂದು ಶೇಖಪ್ಪನಿಗೆ ಹೊಳೆಯುವಷ್ಟರಲ್ಲಿ ಅವನು ಈಚೆ ಬದಿಯ ಗಟಾರದಲ್ಲಿದ್ದ. ಎತ್ತಿ ನಿಲ್ಲಿಸಿದರೆ ಎಡಗಾಲಿನ ಹಿಮ್ಮಡಿ ಉಬ್ಬಿ ಬದನೆಕಾಯಿಯಂತಾಗಿತ್ತು. ಆಗ ಗಂಟೆ ಆರೂಕಾಲು.

ಚಾಳಿನ ಜನರ ದೊಡ್ಡ ಗುಣ ಕಾಣುವುದು ಇಂಥ ಹೊತ್ತಿನಲ್ಲೇ. ಬೆಳಗಿನಿಂದ ನೀರಿಗಾಗಿ ಕಿತ್ತಾಡಿದವರೂ ಕೊಡ ಬಿಟ್ಟು ಓಡಿಬಂದರು. ದ್ಯಾಮಪ್ಪ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ತಂದು, ಅದಕ್ಕೆ ಎರಡು ಬಿದಿರು ಬಿಗಿದ. "ಕೂಡ್ರಿ ಕಾಕಾ. ನಾಲ್ಕು ಮಂದಿ ಎತ್ಕೊಂಡು ದಾಟಿಸಿಬಿಡ್ತೇವಿ."

"ಹಾರ, ಶಾಲು?"

"ಕೈಯಾಗ ಹಿಡದ್ರ ಹೂ ಉದರ್ತಾವು. ಸದ್ಯ ನಿಮ್ಮ ಕೊಳ್ಳಾಗ ಇರ್ಲಿ. ಅಲ್ಲಿ ಹೋಗಿ ಸಾಹೇಬ್ರಿಗೆ ಹಾಕೂಣು."

ಡಿಸೆಂಬರಿನ ಚಳಿಗೆ ಶೇಖಪ್ಪ ಮೊದಲೇ ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಮಫ್ಲರ್ ಬಿಗಿದಿದ್ದ. ಬಿದ್ದವನಿಗೆ ಭಯ ಹತ್ತಬಾರದೆಂದು ಗೋದುಬಾಯಿ ಹಣೆ ತುಂಬ ವಿಭೂತಿ ಬಳಿದಳು. ಭಜನೆಯ ಶಿವಯೋಗಿ ಓಡಿಹೋಗಿ ತಾಳ ತಂದ. "ಸಪ್ಪಳ ಇಲ್ಲದಿದ್ರ ಅವರು ಈ ಕಡೆ ನೋಡೂದಿಲ್ಲ," ಎಂದು ಇಬ್ಬರನ್ನು ಕೂಡಿಸಿಕೊಂಡು ಮುಂದೆ ನಿಂತು ಬಾರಿಸತೊಡಗಿದ. ಕುರ್ಚಿ ಹೆಗಲಿಗೇರಿತು. ಎತ್ತರಕ್ಕೆ ಹೆದರುವ ಶೇಖಪ್ಪ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ ಕೂತ. ಒಬ್ಬೊಬ್ಬರು ಮಾಡಿದ್ದೂ ಸರಿಯಾಗಿಯೇ ಇತ್ತು. ದೂರ ನಿಂತು ಒಟ್ಟು ನೋಟ ಹೇಗಿದೆ ಎಂದು ನೋಡುವವರು ಮಾತ್ರ ಯಾರೂ ಇರಲಿಲ್ಲ.

ದೂರದಿಂದ ನೋಡಿದವಳು ಕಾಶೆವ್ವ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ತಾಳದ ಸದ್ದಿಗೆ ಬಾಗಿಲಿಗೆ ಬಂದಳು. ಅವರ ಜನರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕೂಡಿಸಿಯೇ ಹೆಗಲ ಮೇಲೆ ಒಯ್ಯುತ್ತಾರೆ, ಮುಂದೆ ಭಜನೆ.

"ಅಯ್ಯಽ ನನ್ನ ದೊರಿಯೇ! ಚಹಾ ಕುಡದು ಹೊರಗ ಕುಂತಿದ್ರೆಲ್ಲೋ!" ಎಂದು ಎದೆ ಬಡಿದುಕೊಳ್ಳುತ್ತ ಓಡಿಬಂದಳು.

ಮುಂದಿನ ಬೈಕು ಗಕ್ಕನೆ ನಿಂತಿತು. ಅದರ ಹಿಂದಿನದು, ಅದರ ಹಿಂದಿನದು. "ಲೇ, ಗಾಡಿ ಬಂದ್ ಮಾಡ್ರಲೇ. ಯಾರೋ ಹಿರೇರು ಹೋಗ್ಯಾರ," ಎಂದ ಹುಬ್ಬಳ್ಳಿಯ ಒಬ್ಬ ಸವಾರ. ಎರಡೂ ಕಡೆ ಎಂಜಿನ್ನುಗಳು ಒಂದೊಂದಾಗಿ ಆರಿದವು. ಹೆಲ್ಮೆಟ್ಟುಗಳು ತಲೆಯಿಂದ ಇಳಿದವು. ಗಾಲಿ ಎತ್ತುತ್ತಿದ್ದವನು ಗಾಡಿಯಿಂದಿಳಿದು ಕೈಮುಗಿದ. ಗೋವಾದವನೊಬ್ಬ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಆ ರಸ್ತೆಯಲ್ಲಿ ಶನಿವಾರ ಸಂಜೆ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಪುಂಡರೆಂದು ದಿನಾ ಬೈದ ಆ ಮಕ್ಕಳ ಎದೆಯೊಳಗೆ ಇಷ್ಟು ಮರ್ಯಾದೆ ಇತ್ತೆಂದು ಕಂಡು ಗೋದುಬಾಯಿಯ ಕಣ್ಣೂ ತುಂಬಿದವು.

ಶೇಖಪ್ಪ ಒಂದು ಕಣ್ಣು ತುಸು ತೆರೆದ. ಎಲ್ಲ ಅರ್ಥವಾಯಿತು.

"ಲೇ ದ್ಯಾಮಾ, ಜೀವಂತ ಮನಷ್ಯಾನ್ನ ಹೆಣಾ ಮಾಡಿಬಿಟ್ರೆಲ್ಲೋ!"

"ಕಣ್ಣು ತಗೀಬ್ಯಾಡ್ರಿ ಕಾಕಾ!" ದ್ಯಾಮಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ತಗದ್ರ ಗಾಡಿ ಬಿಡ್ತಾರ!"

ಶೇಖಪ್ಪ ಮತ್ತೆ ಕಣ್ಣು ಮುಚ್ಚಿದ. ಹಿಂದೆ ಕಾಶೆವ್ವನ ಅಳು ಕೇಳುತ್ತಿತ್ತು. ಮದುವೆಯಾಗಿ ಮೂವತ್ತೆಂಟು ವರ್ಷ. ಉಳ್ಳಾಗಡ್ಡಿ ಹೆಚ್ಚುವಾಗ, ಮೊಣಕೈ ಮುರಿದಾಗ ಆಕೆ ಅತ್ತದ್ದನ್ನು ಕಂಡಿದ್ದ. ತನಗಾಗಿ ಅತ್ತದ್ದನ್ನು ಇದೇ ಮೊದಲು ಕೇಳಿದ. ಬಿಡಿಸಿ ಹೇಳಬೇಕೆಂದು ಒಂದು ಕಡೆ ಕರುಳು ಚುರ್ ಎಂದರೂ, ಇನ್ನೊಂದು ಕಡೆ ಅವನಿಗೆ ಬಹಳ ಸುಖವೆನಿಸಿತು. ರಸ್ತೆ ಇನ್ನೂ ಸ್ವಲ್ಪ ಅಗಲವಿದ್ದಿದ್ದರೆ ಒಳ್ಳೆಯದಿತ್ತು ಎಂದುಕೊಂಡ.

ಹೋಟೆಲಿನ ಕಟ್ಟೆಯ ಮೇಲೆ ಕುರ್ಚಿ ಇಳಿಯಿತು. ಸವಾರರು ಸದ್ದಿಲ್ಲದೆ ಗಾಡಿ ಹತ್ತಿ ಹತ್ತು ಮಾರು ಮೆಲ್ಲಗೆ ಹೋಗಿ, ಆಮೇಲೆ ಎಂದಿನಂತೆ ಹಾರಿದರು.

"ಕಾಶೀ, ಅಳಬ್ಯಾಡ. ನಾ ಅದೇನಿ," ಎಂದ ಶೇಖಪ್ಪ.

ಕಾಶೆವ್ವನ ಅಳು ಅರ್ಧಕ್ಕೇ ನಿಂತಿತು. ಆಕೆ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಗಟ್ಟಿ ಇದ್ದ ಕೈಯಿಂದ ಬೆನ್ನ ಮೇಲೆ ಎರಡು ಗುದ್ದಿದಳು.

ಅಷ್ಟರಲ್ಲಿ ಉದಯಕುಮಾರ ಸಾಹೇಬರು ಗಿರ್ಮಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಮಂಡ್ಯ ಕಡೆಯವರು, ಇಲ್ಲಿಯ ಪದ್ಧತಿ ಅರಿಯದವರು. ಅಲ್ಲಿಯವರೆಗೆ ಗಿರ್ಮಿಟ್ಟಿನಲ್ಲೇ ಮುಳುಗಿದ್ದವರು ತಾಳದ ಸದ್ದಿಗಷ್ಟೇ ತಲೆ ಎತ್ತಿ ನೋಡಿದ್ದರು. ಕಣ್ಣು ಒದ್ದೆಯಾಗಿದ್ದವು.

"ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ ಸಾರ್! ಕಾಲು ನೋವಿರೋ ಹಿರಿಯರೊಬ್ಬರು ದಾಟ್ತಿದ್ದಾರೆ ಅಂತ ಐವತ್ತು ಬೈಕು ನಿಲ್ಲೋದಾ! ಹೆಲ್ಮೆಟ್ ತೆಗೆದು ಕೈ ಮುಗಿಯೋದಾ! ನಿಮ್ಮ ಮನೆಯವರೂ ಪಾಪ, ನಿಮ್ಮ ಕಾಲು ನೋವಿಗೆ ಎಷ್ಟು ಅತ್ತರು! ಇಂಥ ಸಂಸ್ಕಾರ ಇರೋ ಹುಡುಗರ ಮೇಲೆ ದೂರು ಬರೆದಿದ್ದೀರಲ್ಲ, ತಪ್ಪಲ್ವಾ?"

"ಸಾಹೇಬ್ರ, ಅವರು ನನಗ ನಿಲ್ಲಿಸಿಲ್ರಿ," ಶೇಖಪ್ಪ ತಡವರಿಸಿದ. "ಹೆಣಾ ಅಂತ ತಿಳದು ನಿಲ್ಲಿಸ್ಯಾರ್ರಿ."

"ಕುರ್ಚಿ ಮೇಲೆ ಕೂತಿರೋ ಹೆಣಾನಾ? ತಮಾಷೆ ಮಾಡ್ಬೇಡಿ ಸಾರ್."

ನಾಲ್ಕೂ ಜನ ಒಟ್ಟಿಗೇ ವಿವರಿಸಲು ಬಾಯಿ ಹಾಕಿದರು. ಅದರಲ್ಲಿ ಯಾವುದೂ ಸಾಹೇಬರ ತಲೆಗೆ ಹೋಗಲಿಲ್ಲ. ಅರ್ಜಿ ತೆಗೆದುಕೊಂಡು ಜೀಪಿನ ಬಾನೆಟ್ಟಿನ ಮೇಲಿಟ್ಟು ದುಂಡಗೆ ಬರೆದರು: 'ಸ್ಥಳವನ್ನು ಖುದ್ದು ಪರಿಶೀಲಿಸಿದೆ. ಪಾದಚಾರಿಗಳಿಗೆ ಇಲ್ಲಿನ ಸವಾರರು ತೋರುವ ಗೌರವ ಶ್ಲಾಘನೀಯ. ಹಂಪ್ ಅಗತ್ಯವಿಲ್ಲ.' ಕೆಳಗೆ ಸಹಿ, ತಾರೀಖು. ದ್ಯಾಮಪ್ಪ ಹಾರಕ್ಕೆ ಕೈ ಹಾಕಿದರೆ, "ಬೇಡ ಬೇಡ, ಅವರ ಕೊರಳಲ್ಲೇ ಚೆನ್ನಾಗಿದೆ," ಎಂದು ಶೇಖಪ್ಪನ ಕಾಲು ಮುಟ್ಟಿ ನಮಸ್ಕರಿಸಿ ಜೀಪು ಹತ್ತಿದರು. ಸರಿಯಾಗಿ ಆರೂವರೆ.

ಜೀಪು ಮರೆಯಾಯಿತು. ರಸ್ತೆ ಮತ್ತೆ ಬೈಕುಗಳಿಂದ ತುಂಬಿಹೋಗಿತ್ತು. ಚಾಳು ಆಚೆ, ಚಾಳಿನವರು ಈಚೆ.

ಕೊನೆಗೆ ಶೇಖಪ್ಪನೇ ಮಫ್ಲರ್ ಬಿಗಿದುಕೊಂಡ. ಹಾರ ನೆಟ್ಟಗೆ ಮಾಡಿಕೊಂಡ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ನಾಲ್ವರು ಎತ್ತಿಕೊಂಡರು. ಶಿವಯೋಗಿ ತಾಳ ಹಿಡಿದ.

"ಹೂಂ ಕಾಶೀ, ಶುರು ಮಾಡು," ಎಂದ ಶೇಖಪ್ಪ.

ಕಾಶೆವ್ವ ಸೆರಗು ಬಾಯಿಗೆ ಹಚ್ಚಿದಳು. ಉಸಿರು ಎಳೆದುಕೊಂಡಳು. ಗಂಡನ ಮುಖ ನೋಡಿದಳು. ಬಂದದ್ದು ನಗು. ತಡೆದಷ್ಟೂ ಹೆಚ್ಚಾಗಿ, ರಸ್ತೆಯ ಅಂಚಿನಲ್ಲಿ ಹೊಟ್ಟೆ ಹಿಡಿದು ಕೂತು ನಗತೊಡಗಿದಳು. ಅದು ಹೊತ್ತವರಿಗೂ ಹತ್ತಿ ಕುರ್ಚಿ ಗಡಗಡ ಅಲುಗಿತು.

ಹೆಂಡತಿ ಹಾಗೆ ನಗುವ ಹೆಣಕ್ಕೆ ಒಂದೇ ಒಂದು ಗಾಡಿಯೂ ನಿಲ್ಲಲಿಲ್ಲ.