ಸುಮತಿಯ ಸ್ಕೂಟರೂ ನನ್ನ ಹದಿನಾಲ್ಕು ಪುಟದ ವರದಿಯೂ

ಬೇರೆಯವರ ಸದ್ದಡಗಿಸಿ ಹೊಟ್ಟೆ ಹೊರೆಯುವವನು ನಾನು. ಹಾಗೆಂದ ಕೂಡಲೇ ರೌಡಿ ಎಂದುಕೊಳ್ಳಬೇಡಿ. ಆ ವೃತ್ತಿಗೆ ಬೇಕಾದ ಎದೆಗಾರಿಕೆ ನನಗಿಲ್ಲ. ಸ್ವೀಡನ್ನಿನ ಟೋರ್ಸ್‌ಲಾಂಡದ ಕಡೆ ಕಾರು ಮಾಡುವ ಕಂಪನಿಯೊಂದರಲ್ಲಿ ಸದ್ದು ಮತ್ತು ಅದುರುವಿಕೆ ಕಡಿಮೆ ಮಾಡುವ ವಿಭಾಗದ ಎಂಜಿನಿಯರ್ ನಾನು. ಕಾರಿನ ಬಾಗಿಲು ಹಾಕಿದರೆ ‘ಧಡ್’ ಅನ್ನಬಾರದು, ‘ದಪ್’ ಅನ್ನಬೇಕು. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುವ ಈ ಒಂದು ಕೆಲಸಕ್ಕೆ ನಮ್ಮಂಥವರು ಹತ್ತು ಜನ ಸಂಬಳ ತೆಗೆದುಕೊಳ್ಳುತ್ತೇವೆ. ಕನ್ನಡ ಮೇಷ್ಟರಿಗೆ ಗೊತ್ತಾದರೆ ಬೆತ್ತ ಹಿಡಿದು ಬರುತ್ತಾರೆ. ಇನ್ನೂ ಒಂದು ಗುಟ್ಟು ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಈ ನೌಕರಿಯಲ್ಲಿ ನಾನು ಒಂದೇ ಒಂದು ಬೋಲ್ಟು ತಿರುಗಿಸಿದವನಲ್ಲ. ಮೈಕ್ ಇಟ್ಟು ಸದ್ದು ಅಳೆಯುತ್ತೇನೆ, ಗ್ರಾಫ್ ನೋಡಿ ಹುಬ್ಬು ಗಂಟಿಕ್ಕುತ್ತೇನೆ, ವರದಿ ಬರೆಯುತ್ತೇನೆ. ಸ್ಪ್ಯಾನರ್ ಹಿಡಿಯುವವರು ಬೇರೆಯವರು.

ನನ್ನ ಹೆಂಡತಿ ಸುಮತಿ ಹಲ್ಲಿನ ಡಾಕ್ಟರು. ಬೆಂಗಳೂರಲ್ಲಿ ಓದಿದ್ದನ್ನೆಲ್ಲ ಇಲ್ಲಿ ಸ್ವೀಡಿಷ್‌ನಲ್ಲಿ ಇನ್ನೊಮ್ಮೆ ಓದಿ ಪಾಸು ಮಾಡಿದ ಗಟ್ಟಿಗಿತ್ತಿ. ಎರಡು ಚಳಿಗಾಲದ ಹಿಂದೆ ಅವಳಿಗೆ ದೂರದ ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಆಫೀಸಿಗೆ ಮುಖ ತೋರಿಸಿ ಉಳಿದಂತೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಂದ ಮಾಡಿಕೊಂಡು ನಾನೂ ಗಂಟುಮೂಟೆ ಕಟ್ಟಿದೆ. ನಮ್ಮ ಮನೆ ಸರೋವರದ ಈ ದಡದಲ್ಲಿ, ಅವಳ ಆಸ್ಪತ್ರೆ ಆ ದಡದಲ್ಲಿ. ರಸ್ತೆ ಹಿಡಿದರೆ ಸುತ್ತಿ ಬಳಸಿ ಮುಕ್ಕಾಲು ಗಂಟೆ; ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನೇರ ಹೋದರೆ ಹತ್ತು ನಿಮಿಷ. ಹಾಗೆ ಹೋಗಲು ಹಿಮದ ಮೇಲೆ ಓಡುವ ಗಾಡಿ ಬೇಕು. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ರಬ್ಬರ್ ಪಟ್ಟಿ. ಇಲ್ಲಿನವರು ಅದನ್ನು ‘ಸ್ಕೂಟರ್’ ಎಂದೇ ಕರೆಯುತ್ತಾರೆ. ಸುಮತಿ ಸ್ಕೂಟರಲ್ಲಿ ಕೆಲಸಕ್ಕೆ ಹೋಗುತ್ತಾಳೆ ಎಂದು ಮೈಸೂರಿನಲ್ಲಿರುವ ನಮ್ಮಮ್ಮನಿಗೆ ಫೋನಲ್ಲಿ ಹೇಳಿದೆ. ಅಮ್ಮ ಖುಷಿಪಟ್ಟು, ಬರುವಾಗ ದಾರಿಯಲ್ಲೇ ತರಕಾರಿ ತಂದುಬಿಡಬಹುದು, ಅನುಕೂಲ ಆಯ್ತು ಎಂದರು. ನಾನು ತಿದ್ದಲಿಲ್ಲ. ಮೈನಸ್ ಇಪ್ಪತ್ತರಲ್ಲಿ ಸೊಸೆ ಟ್ಯಾಂಕ್ ಓಡಿಸುತ್ತಿದ್ದಾಳೆ ಎಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಈ ಸ್ಕೂಟರನ್ನು ನಮಗೆ ಮಾರಿದವರು ಪಕ್ಕದ ಮನೆಯ ಸ್ಟಿಗ್. ಎಪ್ಪತ್ತು ದಾಟಿದ ಮನುಷ್ಯ, ಮಾತು ಬಲು ಕಡಿಮೆ. ಈ ಕಡೆಯವರು ಹೌದು ಎನ್ನಬೇಕಾದರೆ ಬಾಯಿ ತೆರೆಯುವುದಿಲ್ಲ. ತುಟಿ ಚೂಪು ಮಾಡಿ ‘ಶುಪ್’ ಎಂದು ಗಾಳಿ ಒಳಗೆಳೆದುಕೊಳ್ಳುತ್ತಾರೆ. ಮೊದಲ ದಿನ ಅದನ್ನು ಕೇಳಿ ಉಬ್ಬಸವಿರಬೇಕೆಂದು ನಾನು ಓಡಿಹೋಗಿ ನೀರು ತಂದುಕೊಟ್ಟಿದ್ದೆ. ಅವರು ಕುಡಿದು, ಇನ್ನೊಮ್ಮೆ ಶುಪ್ ಎಂದರು.

ಮೊದಲ ವರ್ಷ ಗಾಡಿ ಚೆನ್ನಾಗಿಯೇ ಓಡಿತು. ಈ ಸಲ ಹಿಮ ಬಿದ್ದಾಗಿನಿಂದ ಅದರ ಹಿಂಭಾಗ ಅಕ್ಕಿಯಿಲ್ಲದ ಒರಳಿನ ಹಾಗೆ ಗರಗರ ಅನ್ನತೊಡಗಿತು. ಸದ್ದು ಹಾಳಾಗಿ ಹೋಗಲಿ, ಅದುರುವಿಕೆ ಹ್ಯಾಂಡಲಿನ ತನಕ ಬರುತ್ತಿತ್ತು. ಆಸ್ಪತ್ರೆ ತಲುಪಿದ ಮೇಲೂ ಅರ್ಧ ಗಂಟೆ ಸುಮತಿಯ ಬೆರಳು ಜುಮುಜುಮು. ಒಂದು ಬೆಳಿಗ್ಗೆ ರೋಗಿಯ ಬಾಯಿಯ ಮೇಲೆ ಹಿಡಿದಿದ್ದ ಕನ್ನಡಿ ಕೈಜಾರಿ ಆತನ ಎದೆಯ ಮೇಲೆ ಬಿತ್ತಂತೆ. ಆತ ನಕ್ಕುಬಿಟ್ಟ. ಅವಳು ನಗಲಿಲ್ಲ. ಸಂಜೆ ಮನೆಗೆ ಬಂದು, ಕೈಗವಸು ತೆಗೆದು, ಹತ್ತೂ ಬೆರಳನ್ನು ಮೇಜಿನ ಮೇಲೆ ಹರಡಿಟ್ಟಳು.

“ಕನ್ನಡಿ ಆಯ್ತು, ನಾಳೆ ಡ್ರಿಲ್ ಜಾರಿದರೆ? ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀರಲ್ಲ ರೀ, ಇದೊಂದನ್ನ ಸರಿ ಮಾಡಿಕೊಡಿ,” ಎಂದಳು.

ಬೋಲ್ಟಿನ ಗುಟ್ಟು ಅವಳಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಆಗಲಿಲ್ಲ. ಅಷ್ಟೇನಾ, ಎರಡು ದಿನ ಕೊಡು, ಎಂದುಬಿಟ್ಟೆ.

ಶನಿವಾರ, ಅದುರುವಿಕೆ ಅಡಗಿಸಲು ಕಾರಿಗೆ ಅಂಟಿಸುವ ಟಾರಿನ ಹಾಳೆಗಳನ್ನು ತಂದು, ರಬ್ಬರ್ ಪಟ್ಟಿಯ ಮೇಲೆ ಕವುಚಿಕೊಂಡಿರುವ ತಗಡಿನ ಒಳಮೈಗೆ ಒತ್ತಿ ಒತ್ತಿ ಅಂಟಿಸಿದೆ. ಕಾರಲ್ಲಿ ಇದು ರಾಮಬಾಣ. ಇಲ್ಲಿ ಚಳಿಗೆ ಹಾಳೆಗಳೆಲ್ಲ ಹಪ್ಪಳದಂತೆ ಸೆಟೆದು, ಸೋಮವಾರ ಸರೋವರದ ನಡುವೆ ಒಂದೊಂದಾಗಿ ಉದುರಿದವು. ಸುಮತಿಯ ಹಿಂದೆ ಬಂದವರು ಯಾರೋ ಅವನ್ನು ಆರಿಸಿ, ಕಸ ಎಲ್ಲಿ ಹಾಕಬೇಕೆಂದು ಕಲಿಸುವ ಚೀಟಿಯ ಸಮೇತ ನಮ್ಮ ಬಾಗಿಲಲ್ಲಿಟ್ಟು ಹೋದರು. ಮುಂದಿನ ವಾರ ನನಗೆ ಹೊಸ ಜ್ಞಾನೋದಯವಾಯಿತು: ಪಟ್ಟಿ ಸಡಿಲವಿದೆ, ಅದಕ್ಕೇ ಬಡಿದುಕೊಳ್ಳುತ್ತಿದೆ. ಜೀವಮಾನದ ಮೊದಲ ಬೋಲ್ಟನ್ನು ಆವತ್ತು ತಿರುಗಿಸಿದೆ. ತಿರುಗಿಸುವುದು ಇಷ್ಟು ಹಿತವೆಂದು ತಿಳಿದಿರಲಿಲ್ಲ. ಇನ್ನು ಆಗದು ಎನ್ನುವ ತನಕ ಬಿಗಿದೆ. ಗಾಡಿ ಗರಗರ ಬಿಟ್ಟು ಊಳಿಡಲು ಶುರು ಮಾಡಿತು. ಸ್ಟಿಗ್ ಅವರ ಮುದಿ ನಾಯಿ ಅದಕ್ಕೆ ದನಿಗೂಡಿಸಿತು.

ಅಷ್ಟರಲ್ಲಿ ಸುಮತಿ ಸ್ಕೂಟರ್ ಬಿಟ್ಟು ಕಾರಿನಲ್ಲಿ, ನಸುಕಿಗೇ ಎದ್ದು, ಸುತ್ತಿ ಹೋಗತೊಡಗಿದ್ದಳು. ಬೈದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಕಡೆಗೆ ನನಗೆ ಬರುವ ವಿದ್ಯೆಯನ್ನೇ ನಂಬಿ, ಗಾಡಿಯ ಮೈತುಂಬ ಸೆನ್ಸರ್ ಕಟ್ಟಿ, ಬಣ್ಣಬಣ್ಣದ ಗ್ರಾಫುಗಳಿರುವ ಹದಿನಾಲ್ಕು ಪುಟದ ವರದಿ ತಯಾರಿಸಿದೆ. ಭಾನುವಾರ ಅಂಗಳದಲ್ಲಿ ಸುಮತಿಗೂ ಬೇಲಿಯಾಚೆ ನಿಂತಿದ್ದ ಸ್ಟಿಗ್ ಅವರಿಗೂ ವಿವರಿಸಿದೆ. ಸ್ಟಿಗ್ ಪುಟಕ್ಕೊಂದು ಸಲ ಶುಪ್ ಎಂದರು. ಸುಮತಿ ಕೊನೆಯ ಪುಟದವರೆಗೂ ತಾಳ್ಮೆಯಿಂದ ಕೇಳಿ, ಹಾಗಾದರೆ ತೊಂದರೆ ಎಲ್ಲಿದೆ ಎಂದು ಕೇಳಿದಳು. ಹಿಂಭಾಗದಲ್ಲೆಲ್ಲೋ ಇದೆ ಎಂದೆ.

ಅವಳು ನಿಟ್ಟುಸಿರು ಬಿಟ್ಟು ಗಾಡಿಯ ಹಿಂಭಾಗ ಎತ್ತಿ ಹಿಡಿಯಲು ನಮ್ಮಿಬ್ಬರಿಗೂ ಹೇಳಿದಳು. ಮರದ ದಿಮ್ಮಿಯೊಂದನ್ನು ಕೆಳಗೆ ಕೊಟ್ಟು ನಿಲ್ಲಿಸಿದೆವು. ರಬ್ಬರ್ ಪಟ್ಟಿಯ ಒಳಗೆ ಅದನ್ನು ಹೊತ್ತು ಉರುಳುವ ಪುಟ್ಟ ಪುಟ್ಟ ಚಕ್ರಗಳಿರುತ್ತವೆ. ಸುಮತಿ ಹಿಮದಲ್ಲಿ ಮಂಡಿಯೂರಿ, ಒಂದೊಂದೇ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತ ಬಂದಳು. ಬಲಗಡೆಯ ಮೂರನೆಯದರ ಹತ್ತಿರ ಕೈ ನಿಂತಿತು.

“ಇದು ಅಲ್ಲಾಡ್ತಿದೆ. ಬೇರು ಹೋಗಿದೆ. ಕೀಳಬೇಕು.”

ಸ್ಟಿಗ್ ಬಗ್ಗಿ ನೋಡಿದರು. ಚಕ್ರದೊಳಗಿನ ಬೇರಿಂಗ್ ಪುಡಿಯಾಗಿತ್ತು, ಮೇಲಿನ ರಬ್ಬರ್ ಅರ್ಧ ಕಿತ್ತುಹೋಗಿತ್ತು. ಅವರು ಶೆಡ್ಡಿಗೆ ಹೋಗಿ ಹೊಸ ಚಕ್ರವೊಂದನ್ನು ತಂದರು. ಹಾಕಿದ ಮೇಲೆ, ನಾನು ಬಿಗಿದದ್ದನ್ನೆಲ್ಲ ಸಡಿಲಿಸಿ, ಪಟ್ಟಿಗೆ ಒಂಚೂರು ಉಸಿರಾಡಲು ಜಾಗ ಬೇಕು ಎಂದರು. ಅಷ್ಟು ಉದ್ದದ ವಾಕ್ಯವನ್ನು ಅವರ ಬಾಯಲ್ಲಿ ಅದೇ ಮೊದಲು ಕೇಳಿದ್ದು. ಇದು ಮೊದಲೇ ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಎಂಜಿನಿಯರ್ ಅಂತ ಕೇಳಿದ್ದೆ, ಎಂದರು ಸ್ಟಿಗ್. ಬಹಳ ಮರ್ಯಾದೆಯಿಂದಲೇ ಹೇಳಿದರು.

ಅಂದು ಮಧ್ಯಾಹ್ನ ಸುಮತಿ ನನ್ನನ್ನು ಹಿಂದೆ ಕೂರಿಸಿಕೊಂಡು ಸರೋವರಕ್ಕೆ ಒಂದು ಸುತ್ತು ಹಾಕಿದಳು. ಗರಗರವಿಲ್ಲ, ಊಳಿಲ್ಲ. ಎಂಜಿನ್ನಿನ ಗುನುಗು, ಪಟ್ಟಿಯ ಕೆಳಗೆ ಹಿಮ ಸರಿಯುವ ಸದ್ದು, ಅಷ್ಟೇ. ಆ ದಡದಲ್ಲಿ ನಿಲ್ಲಿಸಿ, ಕೈಗವಸು ತೆಗೆದು, ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿ ನೋಡಿಕೊಂಡಳು. ಆಮೇಲೆ ಆ ಕೈಯನ್ನು ನನ್ನ ಕೆನ್ನೆಗೆ ಒತ್ತಿದಳು. ಬೆಚ್ಚಗಿತ್ತು, ಒಂದಿಷ್ಟೂ ಅದುರುತ್ತಿರಲಿಲ್ಲ. ನನ್ನ ವರದಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಮಾತೇ ಆಡದ ಸ್ಟಿಗ್ ಈ ಸುದ್ದಿಯನ್ನು ಊರಿಗೆಲ್ಲ ಹೇಗೆ ಹಬ್ಬಿಸಿದರೋ ಕಾಣೆ. ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಮೂರು ಸ್ಕೂಟರ್. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಮೂವರು ಗಡ್ಡದವರು ಸಾಲಾಗಿ ನಿಂತಿದ್ದಾರೆ. ನಾನು ಸ್ವೆಟರ್ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಸದ್ದು ಯಾವ ಥರದ್ದು, ಯಾವ ವೇಗದಲ್ಲಿ ಬರುತ್ತದೆ ಎಂದು ವಿಚಾರಿಸತೊಡಗಿದೆ. ಮುಂದಿನವನು ಸಂಕೋಚದಿಂದ ನನ್ನ ಹೆಗಲಾಚೆ ಇಣುಕಿ, “ಡಾಕ್ಟರು ಇದಾರಾ?” ಎಂದು ಕೇಳಿದ.

ಒಳಗೆ ಹೋಗಿ ಸುಮತಿಯನ್ನು ಎಬ್ಬಿಸಿದೆ. ಆಮೇಲೆ ಐದು ಜನಕ್ಕೆ ಕಾಫಿಗಿಟ್ಟೆ. ಕಾಫಿ ಚೆನ್ನಾಗಿದೆ ಎಂದು ಮೂವರೂ ಶುಪ್ ಶುಪ್ ಎಂದರು.