ನಾಲ್ಕು ತಂತಿಗಳಿಗೆ ಶಿಸ್ತು ಕಲಿಸಿದ್ದು

ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಹಳಿಯಾಳದಲ್ಲಿ ಬಸಪ್ಪ ಸಾಹುಕಾರರ ಮೋಟಾರು ಶೆಡ್ಡು. ಹಾಜರಿದ್ದವರು: ಕಟ್ಟಿಗೆ ವ್ಯಾಪಾರದ ಸಾಹುಕಾರರು, ಅವರ ಡ್ರೈವರ್ ದಾವೂದ್ ಮತ್ತು ನಿವೃತ್ತ ಡ್ರಿಲ್ ಮಾಸ್ತರನಾದ ನಾನು. ಗೈರುಹಾಜರಿ: ದೆವ್ವ. ಅದರ ವಾಸ ದಾಂಡೇಲಿ ದಾರಿಯ ತಿರುವಿನಲ್ಲಿ, ಕುಂಕುಮ ಬಳಿದ ಒಂದು ಕಲ್ಲಿನ ಹತ್ತಿರ.

ಆ ತಿರುವಿಗೆ ಬಂದರೆ ಸಾಕು, ಸಾಹುಕಾರರ ಕಾರು ತಾನಾಗಿ ನಿಲ್ಲುತ್ತಿತ್ತು. ದಾವೂದ್ ಪ್ರತಿಸಲ ಇಳಿದು ಆ ಕಲ್ಲಿಗೆ ತೆಂಗಿನಕಾಯಿ ಒಡೆಯುತ್ತಿದ್ದ.

"ಇವತ್ತೂ ಅಲ್ಲಿ ಕೈಕೊಟ್ರ ಗಾಡಿ ಮಾರೇಬಿಡ್ತೇನಿ," ಎಂದರು ಸಾಹುಕಾರರು. "ಆಮ್ಯಾಲ ದಾವೂದ್, ನಿನಗೂ ಇಲ್ಲಿ ಕೆಲಸಿಲ್ಲ."

ದಾವೂದನ ಮುಖ ಸಣ್ಣದಾಯಿತು. "ಮನ್ಯಾಗ ಸಣ್ಣ ಮಕ್ಕಳದಾವ್ರಿ ಮಾಸ್ತರ್ರ. ಏನರ ಮಾಡ್ರಿ."

ನಾನಿರುವಾಗ ಚಿಂತೆಯೇ! ದೋಷ ದೆವ್ವದ್ದಲ್ಲ, ಡಿಸ್ಟ್ರಿಬ್ಯೂಟರಿನದು ಎಂದು ಘೋಷಿಸಿದೆ. ಇಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ, ಕರೀ ಮುಚ್ಚಳದ ಡಬ್ಬಿ ಅದು. ಮಂಜಿನ ತೇವ ತಗುಲಿದರೆ ಕಿಡಿ ದಾರಿ ತಪ್ಪುತ್ತದೆ. ಮಹಾಯುದ್ಧದ ಕಾಲ, ಮುಂಬಯಿಯಿಂದ ಹೊಸ ಮುಚ್ಚಳ ಬರುವ ಆಸೆಯಿರಲಿಲ್ಲ.

ಪರೀಕ್ಷೆಗಾಗಿ ಬಾಗಿಲು ಮುಚ್ಚಿಸಿ, ಕಿಟಕಿಗೆ ಗೋಣಿಚೀಲ ಕಟ್ಟಿಸಿ, ಮುಚ್ಚಳಕ್ಕೆ ನೀರು ಚಿಮುಕಿಸಿದೆ. ಇಂಜಿನ್ ಚಾಲೂ ಆಯಿತು. ಕತ್ತಲಲ್ಲಿ ಮುಚ್ಚಳದ ಮೇಲೆ ನೀಲಿ ಎಳೆಗಳು ಹರಿದಾಡತೊಡಗಿದವು. ಜೀವವಿದ್ದಂತೆ. ಏನನ್ನೋ ಹುಡುಕುತ್ತಿರುವಂತೆ. ದಾವೂದ್ ಗೋಡೆಗೆ ಒತ್ತಿಕೊಂಡು ನಿಂತ.

"ನೋಡು, ಇಲ್ಲೇ ಬಿರುಕು!" ಎಂದು ಬೆರಳಿಟ್ಟು ತೋರಿಸಿದೆ. ಮುಂದಿನ ಕ್ಷಣ ಶೆಡ್ಡಿನ ಮೂಲೆಯಲ್ಲಿ ಕುಳಿತಿದ್ದೆ. ಬಿರುಕಿನ ವಿಷಯ ಸಂಶಯಾತೀತವಾಗಿ ಸಾಬೀತಾಯಿತು!

ಮುಚ್ಚಳ ಒರೆಸಿ ಬಿರುಕಿಗೆ ಅರಗು ತುಂಬಿದೆ. ಮತ್ತೆ ನೀರು, ಮತ್ತೆ ಕತ್ತಲು. ನೀಲಿ ಎಳೆಗಳು ಮಾಯ! ಹೊರಡುವಾಗ ಸೀಟಿನ ಮೇಲೆ ತೆಂಗಿನಕಾಯಿ ಕಂಡಿತು. "ಇಳಿಸು ಇದನ್ನ!" ಎಂದೆ. ದಾವೂದ್ ಇಳಿಸಿದಂತೆ ಮಾಡಿ ಸೀಟಿನ ಕೆಳಗೆ ತಳ್ಳಿದ.

ನಡುಮಧ್ಯಾಹ್ನವಾದರೂ ತಿರುವಿನಲ್ಲಿ ದಟ್ಟ ಮಂಜು. ಒಂದು ಹಕ್ಕಿಯ ಸದ್ದೂ ಇಲ್ಲ. ಕಾರು ತಿರುವಿಗೆ ಬಂತು. ನಿಲ್ಲಲಿಲ್ಲ!

ಬುದ್ಧಿವಂತನಾದವನು ಇಲ್ಲಿಗೆ ಸುಮ್ಮನಾಗುತ್ತಿದ್ದ. ನಾನು "ನಿಲ್ಲಿಸು!" ಎಂದೆ. ದೆವ್ವವಿಲ್ಲವೆಂದು ಸ್ಥಳದಲ್ಲೇ ತೋರಿಸುವುದು ಬಾಕಿಯಿತ್ತಲ್ಲ!

ದಾವೂದ್ ರೇಡಿಯೇಟರಿಗೆ ನೀರು ತರಲು ಹಳ್ಳದ ಕಡೆ ಹೋದ. ಸಾಹುಕಾರರು ಒಳಗೆ ಬಾಯ್ತುಂಬ ಎಲೆಅಡಿಕೆ ತುಂಬಿ ಕುಳಿತಿದ್ದರು. ನಾನು ಬಾನೆಟ್ ಎತ್ತಿದೆ. ಅಯ್ಯೋ! ಡಿಸ್ಟ್ರಿಬ್ಯೂಟರಿನಿಂದ ಹೊರಟ ನಾಲ್ಕು ತಂತಿಗಳು ಸರದಿ ಬಿಟ್ಟು, ಒಂದರ ಮೇಲೊಂದು ಬಿದ್ದು, ಮನಬಂದ ಸಿಲಿಂಡರಿಗೆ ಹೋಗಿದ್ದವು. ಜೀವಮಾನವಿಡೀ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವನು ಇದನ್ನು ಸಹಿಸುವುದೆಂತು? ಎಲ್ಲ ಕಿತ್ತು, "ಒಂದು! ಎರಡು! ಮೂರು! ನಾಲ್ಕು!" ಎಂದು ಕೂಗುತ್ತ ಕ್ರಮವಾಗಿ ಸಿಕ್ಕಿಸಿದೆ.

ಮಂಜಿನೊಳಗಿಂದ ಪ್ರತಿಧ್ವನಿ ಬಂತು. ಮೆಲ್ಲಗೆ.

"ಒಂದು... ಮೂರು... ನಾಲ್ಕು... ಎರಡು."

ಈ ಕಾಡಿನಲ್ಲಿ ಪ್ರತಿಧ್ವನಿಗೂ ಶಿಸ್ತಿಲ್ಲ ಎಂದುಕೊಂಡೆ.

ದಾವೂದ್ ಬಂದು ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಿತು. ಮುದುಕಿಯಂತೆ ನರಳಿತು. ಢಂ! ಬಾನೆಟ್ಟಿನಿಂದ ಬೆಂಕಿ ಚಿಮ್ಮಿ ನನ್ನ ಅರ್ಧ ಮೀಸೆ ಹೋಯಿತು. ಸಾಹುಕಾರರು ಎಲೆಅಡಿಕೆ ನುಂಗಿಬಿಟ್ಟರು.

"ಸಾಕು! ಗಾಡಿ ಮಾರೂದ. ದಾವೂದ್, ನಿನ್ನ ದಾರಿ ನೋಡ್ಕೋ!"

ದಾವೂದ್ ಹ್ಯಾಂಡಲ್ ಕೆಳಗಿಟ್ಟ. "ದೆವ್ವದ ಮುಂದ ನಮ್ದೇನ್ ನಡೀತೈತ್ರಿ," ಎಂದ.

ನನಗೆ ತಡೆಯಲಾಗಲಿಲ್ಲ. "ದೆವ್ವ ಅಲ್ರಿ ಸಾಹುಕಾರ್ರ, ನಾನು! ತಂತಿ ಬದಲ್ ಮಾಡೇನಿ!"

"ಮದಲ ಹೆಂಗಿದ್ವು?"

ಯಾರಿಗೆ ಗೊತ್ತು! ಕಿವಿಯಲ್ಲಿ ಉಳಿದಿದ್ದದ್ದು ಆ ದನಿ ಮಾತ್ರ. ಅದು ಹೇಳಿದಂತೆಯೇ ಸಿಕ್ಕಿಸಿದೆ: ಒಂದು, ಮೂರು, ನಾಲ್ಕು, ಎರಡು. ಇಂಜಿನ್ ಹ್ಯಾಂಡಲಿನ ಒಂದೇ ಸುತ್ತಿಗೆ ಎದ್ದು, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು.

"ಗಾಡಿ ಇರ್ಲಿ, ದಾವೂದನೂ ಇರ್ಲಿ," ಎಂದರು ಸಾಹುಕಾರರು. "ಮಾಸ್ತರ್ನ ಮಾತ್ರ ಬಾನೆಟ್ ಹತ್ರ ಬಿಡಬ್ಯಾಡ."

"ದಾವೂದ್," ಎಂದೆ ತಗ್ಗಿದ ದನಿಯಲ್ಲಿ, "ಸರದಿ ಹೇಳಿದಾಂವ ನೀನ ಹೌದಲ್ಲೋ?"

"ನಾ ಹಳ್ಳದಾಗ ಇದ್ನಲ್ರಿ! ಮತ್ತ ನನಗ ಗಾಡಿ ಹೊಡ್ಯಾಕಷ್ಟ ಬರ್ತೈತಿ."

ಸಾಹುಕಾರರತ್ತ ನೋಡಿದೆ. ಆ ದನಿ ಕೇಳಿದಾಗ ಅವರ ಬಾಯಿ ಎಲೆಅಡಿಕೆಯಿಂದ ತುಂಬಿತ್ತು. ಮೂವರೂ ಕಲ್ಲಿನತ್ತ ತಿರುಗಿದೆವು. ದಾವೂದ್ ಸೀಟಿನ ಕೆಳಗೆ ಕೈಹಾಕಿದ.

ಅಂದಿನ ಕೊನೆಯ ಕೆಲಸ: ಅರ್ಧ ಮೀಸೆಯ ಡ್ರಿಲ್ ಮಾಸ್ತರ ಅಟೆನ್ಷನ್ನಿನಲ್ಲಿ ನಿಂತು, ಸೆಲ್ಯೂಟ್ ಹೊಡೆದು, ತೆಂಗಿನಕಾಯಿ ಒಡೆದದ್ದು. ದೆವ್ವಕ್ಕಲ್ಲ. ಗುರುವಿಗೆ.