ಮೂರನೇ ತರಗತಿಯ ಸ್ಪರ್ಶಸಂಖ್ಯೆ

ಸ್ಮಾರ್ಟ್ ಬೋರ್ಡನ್ನು ಮುಟ್ಟಿದರೆ ವಿದ್ಯೆ ಬರುತ್ತದೆ ಎಂಬುದು ಕಳೆದ ವರ್ಷ ಇಲಾಖೆಯ ಮಟ್ಟದಲ್ಲಿ ತೀರ್ಮಾನವಾಯಿತು. ಅದಕ್ಕೂ ಮೊದಲು ವಿದ್ಯೆ ಹೇಗೆ ಬರುತ್ತಿತ್ತು ಎಂಬ ಬಗ್ಗೆ ಇಲಾಖೆಯಲ್ಲಿ ಯಾವ ದಾಖಲೆಯೂ ಲಭ್ಯವಿಲ್ಲ.

ನಾನು ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ. ಸದರಿ ತೀರ್ಮಾನವನ್ನು ಸ್ವಾಗತಿಸಿ ಭಾಷಣ ಮಾಡಿದೆ. ನಾನು ಸ್ವಾಗತಿಸದ ತೀರ್ಮಾನ ಈವರೆಗೆ ಹೊರಬಿದ್ದಿಲ್ಲ. ಮಗ್ಗಿಯನ್ನು ಗಟ್ಟಿಯಾಗಿ ಹೇಳಿಸಕೂಡದು ಎಂಬ ಸುತ್ತೋಲೆ ಬಂದಾಗ ಸ್ವಾಗತಿಸಿದೆ. ಗಟ್ಟಿಯಾಗಿಯೇ ಹೇಳಿಸತಕ್ಕದ್ದು ಎಂಬ ಸುತ್ತೋಲೆ ಬಂದಾಗ ಅದೇ ಭಾಷಣವನ್ನು ಇನ್ನೊಮ್ಮೆ ಓದಿದೆ. ನನ್ನ ಹೆಂಡತಿ ನನ್ನನ್ನು ತಲೆಯಾಡಿಸೋ ಬೊಂಬೆ ಅನ್ನುತ್ತಾಳೆ. ಬೊಂಬೆಗೆ ಕತ್ತು ನೋಯುವುದಿಲ್ಲ, ನನಗೆ ನೋಯುತ್ತದೆ. ವ್ಯತ್ಯಾಸ ಅಷ್ಟೇ.

ಬೋರ್ಡನ್ನು ಮೂರನೇ ತರಗತಿಯ ಕೋಣೆಯಲ್ಲಿ ಹಾಕಿಸಲಾಯಿತು. ಸೋರದೇ ಇದ್ದದ್ದು ಅದೊಂದೇ ಕೋಣೆ. ಬೋರ್ಡು ಗೋಡೆಗಿಂತ ಉದ್ದವಿದ್ದುದರಿಂದ ಕಿಟಕಿಯನ್ನೂ ಮುಚ್ಚಿತು. ಕೋಣೆ ಕತ್ತಲಾಯಿತು. ಕತ್ತಲಲ್ಲಿ ಬೋರ್ಡು ಇನ್ನೂ ಚೆನ್ನಾಗಿ ಕಾಣುತ್ತದೆಂದು ಜೋಡಿಸಲು ಬಂದವರು ಹೇಳಿದರು. ಮಕ್ಕಳು ಕಾಣುವುದಿಲ್ಲ ಎಂದು ನಾನು ಹೇಳಬಹುದಿತ್ತು. ತಲೆಯಾಡಿಸಿದೆ.

ಜೊತೆಗೆ ಬಂದ ನಿಯಮಾವಳಿಯ ಮುಖ್ಯಾಂಶ ಹೀಗಿತ್ತು:

“ಬೋರ್ಡು ತನ್ನನ್ನು ಮುಟ್ಟಿದ್ದನ್ನೆಲ್ಲ ತಾನೇ ಎಣಿಸಿಕೊಂಡು ಕಚೇರಿಗೆ ತಿಳಿಸತಕ್ಕದ್ದು. ಸದರಿ ಸ್ಪರ್ಶಸಂಖ್ಯೆಯನ್ನೇ ಕಲಿಕೆ ಎಂದು ಭಾವಿಸತಕ್ಕದ್ದು. ಸಂಖ್ಯೆ ಕಡಿಮೆ ಬಂದಲ್ಲಿ ಆ ತರಗತಿಯ ಶಿಕ್ಷಕರನ್ನು ಹೆಚ್ಚುವರಿ ಎಂದು ಪರಿಗಣಿಸಿ ವರ್ಗಾಯಿಸತಕ್ಕದ್ದು. ಧೂಳು ಬೋರ್ಡಿಗೆ ಹಾನಿಕರವಾದ್ದರಿಂದ ಕೋಣೆಯೊಳಗೆ ಸೀಮೆಸುಣ್ಣ ಹಿಡಿಯಕೂಡದು.”

ಮೂರನೇ ತರಗತಿಯ ಟೀಚರ್ ಇದನ್ನು ಪೂರ್ತಿ ಓದಿ, ಮಡಚಿ ನನ್ನ ಮೇಜಿನ ಮೇಲಿಟ್ಟು, ಸೀಮೆಸುಣ್ಣದ ಡಬ್ಬಿ ತಗೊಂಡು ಮಕ್ಕಳನ್ನು ಜಗಲಿಗೆ ಕರೆದೊಯ್ದರು. ಅವರ ಪಾಠದ ರೀತಿಯೇ ಬೇರೆ. ನೆಲದ ಮೇಲೆ ಒಬ್ಬೊಬ್ಬ ಮಗುವಿಗೂ ಒಂದೊಂದು ಚೌಕ. ಮಗು ತನ್ನ ಚೌಕದಲ್ಲಿ ಕೂತು ಬರೆಯಬೇಕು, ಟೀಚರ್ ಚೌಕದಿಂದ ಚೌಕಕ್ಕೆ ಕುಕ್ಕರುಗಾಲಲ್ಲೇ ಸಾಗುತ್ತ ತಿದ್ದಬೇಕು. ಅವರ ಸೀರೆಯ ಅಂಚು ಸದಾ ಬಿಳಿ.

“ಟೀಚರ್, ಮಕ್ಕಳ ಕೈಲಿ ಆ ಬೋರ್ಡನ್ನ ಸ್ವಲ್ಪ ಮುಟ್ಟಿಸ್ರಮ್ಮ,” ಎಂದೆ.

“ಏನು ಕಲಿಯೋಕೆ ಸಾರ್?”

“ಕಲಿಯೋಕಲ್ಲ. ಮುಟ್ಟೋಕೆ.”

“ಈಗಷ್ಟೇ ಒತ್ತಕ್ಷರಕ್ಕೆ ಬಂದಿದೀವಿ ಸಾರ್. ನಮ್ಮ ಮೆಣಸಿನಕಾಯಿ ನಿನ್ನೆ ‘ಅಕ್ಕ’ ಅಂತ ಕೂಡಿಸಿ ಓದಿದ್ಲು. ಇನ್ನೊಂದೆರಡು ತಿಂಗಳು ನಮ್ಮನ್ನ ನಮ್ಮ ಪಾಡಿಗೆ ಬಿಡಿ. ಇಡೀ ಕ್ಲಾಸು ಓದುತ್ತೆ.”

ಮೆಣಸಿನಕಾಯಿ ಎಂದರೆ ಮುಂದಿನ ಚೌಕದಲ್ಲಿ ಕೂರುವ ಪುಟ್ಟ ಹುಡುಗಿ. ಪ್ರಶ್ನೆ ಕೇಳಿ ಕಣ್ಣಲ್ಲಿ ನೀರು ತರಿಸುತ್ತಾಳೆಂದು ಆ ಹೆಸರು. ಟೀಚರ್ ಹೇಳಿದ್ದು ಸರಿಯಾಗಿತ್ತು. ಆದ್ದರಿಂದ ಅದಕ್ಕೂ ತಲೆಯಾಡಿಸಿದೆ.

ತಿಂಗಳ ಕೊನೆಗೆ ಕಚೇರಿಯಿಂದ ಎಚ್ಚರಿಕೆ ಬಂತು: ‘ತಮ್ಮ ಮೂರನೇ ತರಗತಿಯಲ್ಲಿ ಕಲಿಕೆ ಕಂಡುಬಂದಿರುವುದಿಲ್ಲ.’ ಇನ್ನೊಂದು ತಿಂಗಳು ಹೀಗೇ ಆದರೆ ಟೀಚರ್ ಹೋಗುತ್ತಾರೆ. ಅವರು ಹೋದರೆ ಆ ಮಕ್ಕಳು ಅರ್ಧ ಅಕ್ಷರದಲ್ಲೇ ನಿಲ್ಲುತ್ತಾರೆ ಎಂಬುದು ನನ್ನಂಥವನಿಗೂ ಗೊತ್ತಿತ್ತು. ಎದ್ದು ನಿಂತು ಕಚೇರಿಗೆ ಒಂದು ಮಾತು ಹೇಳುವ ಬದಲು, ಬಾಗಿಲು ಹಾಕಿಕೊಂಡು ನಾನೇ ಬೋರ್ಡು ಮುಟ್ಟತೊಡಗಿದೆ. ಬೆರಳು ಬಾತುಕೊಂಡಿತು.

“ಇಷ್ಟು ವರ್ಷ ಯಾರ ಮುಂದೇನೂ ಬೆರಳೆತ್ತಲಿಲ್ಲ. ಈಗೇನು ಊದಿಸ್ಕೊಂಡು ಬಂದಿದೀರಾ?” ಎಂದು ಹೆಂಡತಿ ಎಣ್ಣೆ ಹಚ್ಚಿದಳು.

ಮಾರನೆಯ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಆಯಾ ಪೊರಕೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ಸಾರ್, ಬೋರ್ಡ್ ಮೇಲೆ ಹಲ್ಲಿ ಓಡಾಡ್ತಿದೆ. ಒಂದು ಬಾರಿಸ್ಲಾ?”

ನೋಡಿದೆ. ಕತ್ತಲ ಕೋಣೆ, ಬೆಳಗುವ ಬೋರ್ಡು. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಅದು ಕಾಲಿಟ್ಟಲ್ಲೆಲ್ಲ ಮೂಲೆಯಲ್ಲಿದ್ದ ಸಂಖ್ಯೆ ಏರುತ್ತಿತ್ತು. ನಾನು ನೋಡುತ್ತಿದ್ದಂತೆ ಹಲ್ಲಿ ಕಳೆಯುವ ಲೆಕ್ಕದ ಸರಿಯುತ್ತರದ ಮೇಲೆ ನಿಂತಿತು. ಬೋರ್ಡು ಚಪ್ಪಾಳೆ ತಟ್ಟಿತು. ಅದೇ ಲೆಕ್ಕದಲ್ಲಿ ಹಿಂದಿನ ದಿನ ನಾನು ಎರಡು ಸಲ ತಪ್ಪಿದ್ದೆ.

“ಪೊರಕೆ ಕೆಳಗಿಡಮ್ಮ,” ಎಂದೆ. “ಅದು ಕರ್ತವ್ಯದ ಮೇಲಿದೆ.”

ಅಂದಿನಿಂದ ಹಲ್ಲಿಗೆ ತೊಂದರೆಯಾಗದಂತೆ ಕೋಣೆಯಲ್ಲಿ ಗುಡಿಸುವುದನ್ನು ನಿಲ್ಲಿಸಲಾಯಿತು. ಮಕ್ಕಳು ಜಗಲಿಯಲ್ಲಿ ಕಲಿತರು, ಹಲ್ಲಿ ಒಳಗೆ ಕಲಿಯಿತು. ಭಾನುವಾರವೂ ಅದು ತಪ್ಪಿಸಿಕೊಳ್ಳಲಿಲ್ಲ. ವಿಷಯ ತಿಳಿದ ಟೀಚರ್ ಮೊದಲು ಬಿದ್ದು ಬಿದ್ದು ನಕ್ಕರು, ಆಮೇಲೆ ನನ್ನ ಮೇಜಿನ ಬಳಿ ಬಂದರು.

“ಇದು ಬೇಡ ಸಾರ್. ಇರೋದು ಇರೋ ಹಾಗೆ ಹೇಳಿಬಿಡಿ.”

“ನಿಮ್ಮನ್ನ ಉಳಿಸೋಕೇ ಅಲ್ವೇನಮ್ಮ ನಾನು ಬಾಯಿ ಮುಚ್ಕೊಂಡಿರೋದು?”

“ನೀವು ಯಾವಾಗ ಬಾಯಿ ತೆಗೆದಿದ್ರಿ ಸಾರ್?” ಎಂದು ಹೇಳಿ ಚೌಕಗಳ ಕಡೆ ಹೋದರು. ಇದಕ್ಕೆ ತಲೆಯಾಡಿಸಲು ಮಾತ್ರ ನನಗೆ ಕಷ್ಟವಾಯಿತು.

ಆ ತಿಂಗಳು ನಮ್ಮ ಮೂರನೇ ತರಗತಿ ಎಲ್ಲ ಶಾಲೆಗಳಿಗಿಂತ ಮೇಲೆ ಬಂತು. ಕಚೇರಿಯಿಂದ ಸ್ಪರ್ಶ ಉಸ್ತುವಾರಿ ಅಧಿಕಾರಿಗಳು ಖುದ್ದಾಗಿ ಬಂದರು. ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋಗಿ, ಬೋರ್ಡಿನ ಎದುರು ಕೂತು, ಅಂಕಿಗಳನ್ನು ಮೇಲಿಂದ ಕೆಳಗೆ ನೋಡಿದರು.

“ಟೀಚರ್ ಶಾಲೇಲಿದ್ದಾಗ ಕಲಿಕೆ ಕಮ್ಮಿ. ಮನೆಗೆ ಹೋದ ತಕ್ಷಣ ಗಗನಕ್ಕೆ. ರಜಾದಿನ ಇನ್ನೂ ಜೋರು. ಇದರಿಂದ ಏನ್ರೀ ಗೊತ್ತಾಗುತ್ತೆ?”

“ಏನು ಗೊತ್ತಾಗುತ್ತೆ ಸಾರ್?”

“ಕಲಿಕೆಗೆ ಅಡ್ಡಿ ಆಗಿರೋದೇ ಟೀಚರು.”

ನನ್ನ ಕತ್ತು ಅಭ್ಯಾಸಬಲದಿಂದ ಅರ್ಧ ಆಡಿಯೇಬಿಟ್ಟಿತ್ತು. ಹಿಡಿದು ನಿಲ್ಲಿಸಿದೆ. ಜನ್ಮದಲ್ಲಿ ಮೊದಲ ಸಲ ಮೇಲಧಿಕಾರಿಯ ಎದುರು ನಿಜ ನುಡಿದೆ.

“ಸಾರ್, ಅದು ಮಕ್ಕಳಲ್ಲ. ಹಲ್ಲಿ.” ತೋರಿಸಿದೆ. ಹಲ್ಲಿ ಆಗ ಪರಿಸರ ಅಧ್ಯಯನದಲ್ಲಿತ್ತು.

ಅಧಿಕಾರಿಗಳು ಕನ್ನಡಕ ಏರಿಸಿ ಹಲ್ಲಿಯನ್ನು ನೋಡಿದರು.

“ಯಾರು ಮುಟ್ಟಬೇಕು ಅಂತ ನಿಯಮದಲ್ಲಿದೆಯಾ?”

“ಇಲ್ಲ ಸಾರ್.”

“ಇದು ಸಂಬಳ ಕೇಳುತ್ತಾ?”

“ಇಲ್ಲ ಸಾರ್.”

“ರಜೆ?”

“ಇಲ್ಲ ಸಾರ್.”

“ಎದುರು ಮಾತಾಡುತ್ತಾ?”

“ಇಲ್ಲ ಸಾರ್.”

“ಮತ್ತಿನ್ನೇನ್ರೀ ಬೇಕು ನಿಮಗೆ?”

ಗಾದೆ ಸುಳ್ಳಾಗುವುದಿಲ್ಲ: ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗಾಯಿತು. ಟೀಚರನ್ನು ಉಳಿಸಲೆಂದು ಹಲ್ಲಿಯನ್ನು ಕಾಪಾಡಿದೆ, ಹಲ್ಲಿ ಉಳಿಯಿತು. ವರ್ಗಾವಣೆ ಆದೇಶ ವಾರದೊಳಗೆ ಬಂತು. ನಿಯಮದಂತೆ ಅದನ್ನು ಮೂರನೇ ತರಗತಿಯ ಬಾಗಿಲಿಗೆ ಅಂಟಿಸಿದೆ.

ಸನ್ಮಾನ ಮತ್ತು ಬೀಳ್ಕೊಡುಗೆಯನ್ನು ಖರ್ಚು ಉಳಿಸಲು ಬೋರ್ಡಿನ ಕೋಣೆಯಲ್ಲೇ ಒಂದೇ ಸಭೆಯಲ್ಲಿ ಮುಗಿಸುವುದೆಂದಾಯಿತು. ಸನ್ಮಾನ ಬೋರ್ಡಿಗೆ, ಬೀಳ್ಕೊಡುಗೆ ಟೀಚರಿಗೆ. ಪೋಷಕರು ಇಸ್ತ್ರಿ ಬಟ್ಟೆಯಲ್ಲಿ ಬಂದಿದ್ದರು. “ನಮ್ಮ ಮಗುವಿನ ಕ್ಲಾಸೇ ಫಸ್ಟಂತೆ,” ಎಂದು ಒಬ್ಬ ತಂದೆ ಇನ್ನೊಬ್ಬರ ಕೈ ಕುಲುಕಿದರು. ಅಧಿಕಾರಿಗಳು ಒಳಗೆ ಕಾಲಿಡುವ ಹೊತ್ತಿಗೆ ಬಾಗಿಲಲ್ಲಿ ಮೆಣಸಿನಕಾಯಿ ಅಡ್ಡ ನಿಂತಿದ್ದಳು. ಆದೇಶದ ಮೇಲೆ ಬೆರಳಿಟ್ಟು, ತುಟಿ ಕಚ್ಚಿ, ಕೂಡಿಸಿ ಓದುತ್ತಿದ್ದಳು.

“ಶಿ... ಕ್ಷ... ಶಿಕ್ಷಕಿಯ. ಅ... ವ... ಶ್ಯ... ಅವಶ್ಯಕತೆ. ಇರುವು... ದಿ... ಲ್ಲ. ಇರುವುದಿಲ್ಲ.”

ಒಂದು ಒತ್ತೂ ತಪ್ಪಲಿಲ್ಲ. ಅವಳು ತಾನಾಗಿ ಓದಿದ ಮೊದಲನೆಯ ಪೂರ್ತಿ ವಾಕ್ಯ ಅದು. ಗೆದ್ದ ಮುಖದಿಂದ ತಿರುಗಿ ಟೀಚರನ್ನು ನೋಡಿದಳು. ಅರ್ಥ ಆಮೇಲೆ ತಿಳಿಯಿತು, ಮುಖ ಬಾಡಿತು.

“ನೋಡಿದ್ರಾ!” ಎಂದರು ಅಧಿಕಾರಿಗಳು. “ಬೋರ್ಡು ಎಂಥಾ ಚೆನ್ನಾಗಿ ಕಲಿಸಿದೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಟೀಚರ್ ಕೂಡ ತಟ್ಟಿದರು. ಆ ಹುಡುಗಿಗಾಗಿ ತಟ್ಟಿದವರು ಅವರೊಬ್ಬರೇ.

ವಂದನಾರ್ಪಣೆ ನನ್ನ ಪಾಲಿಗಿತ್ತು. ಇಲಾಖೆಗೆ ವಂದಿಸಿದೆ, ಅಧಿಕಾರಿಗಳಿಗೆ ವಂದಿಸಿದೆ, ಪೋಷಕರಿಗೆ ವಂದಿಸಿದೆ. ಅಧಿಕಾರಿಗಳು ಕಣ್ಸನ್ನೆ ಮಾಡಿದ್ದರಿಂದ ಗೋಡೆಯಲ್ಲಿದ್ದ ಹಲ್ಲಿಯ ಕಡೆ ತಿರುಗಿ ಹೊಸ ಸಹೋದ್ಯೋಗಿಗೂ ಕೈ ಮುಗಿದೆ. ಟೀಚರ ಹೆಸರು ಬರುವಷ್ಟರಲ್ಲಿ ಆಯಾ ಗಂಟೆ ಹೊಡೆದಳು, ಸಭೆ ಮುಗಿಯಿತು.